ಸಿಕ್ಕಿಬಿದ್ದ ಕ್ಯಾಸೆಟ್ ಬಿಡಿಸಿದ ಬಗೆ

ನಮ್ಮ ಮನೆಯ ಹಳೆಯ ಎರಡು ಸ್ಪೀಕರಿನ ಟೇಪ್ ರೆಕಾರ್ಡರ್‌ನಲ್ಲಿ ಪ್ಲೇ ಗುಂಡಿ ಒತ್ತಿದ್ದು ಒತ್ತಿದಂತೆಯೇ ನಿಂತುಬಿಟ್ಟಿತ್ತು. ಸ್ಟಾಪ್ ಒತ್ತಿದರೂ ಅದು ಮೇಲೇಳಲಿಲ್ಲ, ಬಾಗಿಲೂ ತೆರೆಯಲಿಲ್ಲ. ಒಳಗಿದ್ದದ್ದು ಅಪ್ಪ ಹಾರ್ಮೋನಿಯಂ ನುಡಿಸಿದ ಬಯಲಾಟದ ಧ್ವನಿಮುದ್ರಣ. ಅದಕ್ಕೆ ಬೇರೆ ಪ್ರತಿಯಿಲ್ಲ. ಯಂತ್ರ ಉಳಿಯದಿದ್ದರೂ ಟೇಪು ಉಳಿಯಲೇಬೇಕಿತ್ತು.

ಬಳ್ಳಾರಿಯ ಬಿಸಿಲು ಮತ್ತು ಧೂಳು, ಎರಡೂ ಈ ಯಂತ್ರಗಳಿಗೆ ಶತ್ರು. 40 ಡಿಗ್ರಿ ದಾಟುವ ಬೇಸಿಗೆಗಳನ್ನು ಅಟ್ಟದ ಮೇಲೆ ಕಳೆದ ಯಂತ್ರದಲ್ಲಿ ಗ್ರೀಸ್ ಗಟ್ಟಿಯಾಗುತ್ತದೆ, ರಬ್ಬರ್ ಬೆಲ್ಟ್ ಕೊಳೆತು ಡಾಂಬರಿನಂತಾಗುತ್ತದೆ. ಗುಂಡಿ ಬಿಗಿಯಾಯಿತೆಂದು ಯಾರೋ ಹಿಂದೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟಿದ್ದರು. ಆ ಎಣ್ಣೆಗೆ ಅದಿರಿನ ಕೆಂಪು ಧೂಳು ಕೂತು, ಗುಂಡಿಗಳ ಹಿಂದೆ ಸರಿದಾಡುವ ಜಾರುಪಟ್ಟಿಗಳ ನಡುವೆ ಕೆಸರು ಕಟ್ಟಿತ್ತು. ಟೇಪಿನ ಕಂದು ಲೇಪನವೂ ಕಬ್ಬಿಣದ ಆಕ್ಸೈಡೇ, ನಮ್ಮ ಧೂಳಿನಲ್ಲಿರುವುದೂ ಅದೇ. ಆದರೆ ಒಂದು ದನಿಯನ್ನು ಕಾಯುತ್ತದೆ, ಇನ್ನೊಂದು ಟೇಪಿನಿಂದ ದನಿಯನ್ನು ಓದುವ ಹೆಡ್ಡನ್ನು ಸವೆಸುತ್ತದೆ.

ಗುಂಡಿಯ ಮೇಲೆ ಬಲ ಹಾಕುವುದು ಬೇಡವೇ ಬೇಡ. ಹಾಗೆ ಮಾಡಿದರೆ ಪ್ಲಾಸ್ಟಿಕ್ ಕೊಂಡಿ ಮುರಿಯುತ್ತದೆ, ಆ ಬಿಡಿಭಾಗ ಇಂದು ಎಲ್ಲೂ ಸಿಗುವುದಿಲ್ಲ. ವಿದ್ಯುತ್ ತಂತಿ ಕಿತ್ತು, ಸೆಲ್ಲುಗಳನ್ನು ಹೊರತೆಗೆದು ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿದೆ. ಅವುಗಳ ಉದ್ದ ಬೇರೆ ಬೇರೆ ಇರುವುದರಿಂದ, ರಟ್ಟಿನ ಮೇಲೆ ಯಂತ್ರದ ಚಿತ್ರ ಬರೆದು, ಅದದೇ ಜಾಗದಲ್ಲಿ ಚುಚ್ಚಿಟ್ಟೆ. ತುದಿಗೆ ಅಯಸ್ಕಾಂತವಿರುವ ಸ್ಕ್ರೂಡ್ರೈವರನ್ನು ಹೆಡ್ಡಿನ ಹತ್ತಿರ ತರಲಿಲ್ಲ. ಹೆಡ್ಡಿಗೆ ಕಾಂತತ್ವ ಹಿಡಿದರೆ ಸದ್ದಿನಲ್ಲಿ ಬುಸುಗುಟ್ಟುವಿಕೆ ಹೆಚ್ಚಿ ಮೇಲಿನ ಸ್ವರಗಳು ಮಂಕಾಗುತ್ತವೆ.

ಟಾರ್ಚ್ ಬಿಟ್ಟು ನೋಡಿದಾಗ ಕಾರಣ ಕಂಡಿತು. ಟೇಪು ತನ್ನನ್ನು ನಡುವೆ ಹಿಡಿದು ಎಳೆಯುವ ರಬ್ಬರಿನ ಪಿಂಚ್ ರೋಲರಿಗೂ ತೆಳ್ಳಗಿನ ಉಕ್ಕಿನ ಕಡ್ಡಿ ಕ್ಯಾಪ್‌ಸ್ಟನ್ನಿಗೂ ಸುತ್ತಿಕೊಂಡಿತ್ತು. ಎಳೆಯಲಿಲ್ಲ. ಹಿಂಬದಿಯ ಭಾರದ ಫ್ಲೈವೀಲನ್ನು ಬೆರಳಿನಿಂದ ಹಿಮ್ಮುಖವಾಗಿ, ಒಂದೊಂದು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದೆ. ಒಂದು ಸುತ್ತು ಬಿಚ್ಚಿದಾಗಲೆಲ್ಲ ಸಡಿಲಾದ ಟೇಪನ್ನು ಪ್ಲಾಸ್ಟಿಕ್ ಚಿಮಟದಿಂದ ಪಕ್ಕಕ್ಕೆ ಸರಿಸಿದೆ. ಹೀಗೆ ಪೂರ್ತಿ ಬಿಟ್ಟುಕೊಂಡ ಮೇಲೆಯೇ ಬೀಗದ ಪಟ್ಟಿಯನ್ನು ಕೈಯಾರೆ ಹಿಂದಕ್ಕೆ ತಳ್ಳಿ ಗುಂಡಿ ಎಬ್ಬಿಸಿದ್ದು. ಟೇಪು ಸುಕ್ಕಾಗಿತ್ತು, ತುಂಡಾಗಿರಲಿಲ್ಲ. ಆರು ಮೂಲೆಯ ಪೆನ್ಸಿಲ್ ತೂರಿಸಿ ಅದನ್ನು ಒಳಗೆ ಸುತ್ತಿದೆ. ಕ್ಯಾಸೆಟ್ಟಿನ ಹಿಂಬದಿಯ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನೂ ಮುರಿದೆ, ಬದಿಗೊಂದರಂತೆ. ಅವು ಹೋದರೆ ಅಕಸ್ಮಾತ್ ರೆಕಾರ್ಡ್ ಗುಂಡಿ ಒತ್ತಿದರೂ ಅಪ್ಪನ ಹಾರ್ಮೋನಿಯಂ ಅಳಿಸಿಹೋಗುವುದಿಲ್ಲ.

ಇನ್ನು ಯಂತ್ರದ ಸರದಿ. ಕ್ಯಾಸೆಟ್ ಓಡಿಸುವ ಭಾಗವಾದ ಡೆಕ್ಕನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗಿಟ್ಟು ಬಿಚ್ಚಿದೆ, ಏಕೆಂದರೆ ಸಣ್ಣ ಕ್ಲಿಪ್ಪುಗಳು ಹಾರಿದರೆ ಮತ್ತೆ ಸಿಗುವುದಿಲ್ಲ. ಕೊಳೆತ ಬೆಲ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿದೆ. ಮೋಟರಿನ ಚಿಕ್ಕ ಚಕ್ರದ ತೋಡಿನಲ್ಲಿ ಕಪ್ಪು ಸ್ವಲ್ಪ ಉಳಿದರೂ ಹೊಸ ಬೆಲ್ಟ್ ಕುಪ್ಪಳಿಸುತ್ತದೆ, ಆದ್ದರಿಂದ ಹತ್ತಿ ಬಿಳಿಯಾಗಿಯೇ ಹೊರಬರುವವರೆಗೆ ಬಿಡಲಿಲ್ಲ. ಜಾರುಪಟ್ಟಿಗಳ ಹಳೆಯ ಗ್ರೀಸನ್ನೂ ಅದೇ ರೀತಿ ತೆಗೆದೆ. ಹಳೆಯದರ ಮೇಲೆ ಹೊಸ ಎಣ್ಣೆ ಬಿಡುವುದು ರಿಪೇರಿಯಲ್ಲ, ಮುಂದಿನ ತೊಂದರೆಗೆ ಹಾಕುವ ಅಡಿಪಾಯ. ಶುಚಿಯಾದ ಲೋಹಕ್ಕೆ ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ಸಿಲಿಕಾನ್ ಗ್ರೀಸ್ ತೆಳುವಾಗಿ ಸವರಿದೆ, ಅಷ್ಟೇ. ಪಿಂಚ್ ರೋಲರಿಗೆ ಸೋಪಿನ ನೀರು ಸಾಕಾಯಿತು.

ಬೆಲ್ಟಿನ ಅಳತೆಗೆ ಚಕ್ರಗಳ ಸುತ್ತ ದಾರ ಹಾಯಿಸಿ, ಉದ್ದದಲ್ಲಿ ನೂರಕ್ಕೆ ಐದಾರರಷ್ಟು ಕಡಿಮೆ ಇರುವ ಚೌಕ ಬೆಲ್ಟ್ ತರಿಸಿದೆ. ಮೊದಲು ಬೇಡದ ಕ್ಯಾಸೆಟ್ ಹಾಕಿ ಓಡಿಸಿದೆ.

ವೇಗ ಸರಿಯಿದೆಯೇ ಎಂಬುದೇ ಉಳಿದ ಪ್ರಶ್ನೆ. 1963ರಲ್ಲಿ ಫಿಲಿಪ್ಸ್ ಹೊರತಂದ ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಮೋಟರಿನ ಹಿಂದಿನ ತೂತಿನೊಳಗಿನ ಸ್ಕ್ರೂ ಅದನ್ನು ಹೊಂದಿಸುತ್ತದೆ. ಪರೀಕ್ಷಾ ಕ್ಯಾಸೆಟ್ ಇಲ್ಲದ ನನಗೆ ಅಪ್ಪನ ಹಾರ್ಮೋನಿಯಂ ನೆರವಾಯಿತು. ಧ್ವನಿಮುದ್ರಣದಲ್ಲಿ ಅಪ್ಪ ಕರಿ ಎರಡು, ಅಂದರೆ ಎರಡನೆಯ ಕಪ್ಪು ಮನೆಯ ಶ್ರುತಿ, ಹಿಡಿದಿರುವುದು ನನಗೆ ಗೊತ್ತು. ಆ ಹಾರ್ಮೋನಿಯಂ ಪೆಟ್ಟಿಗೆ ಇನ್ನೂ ಮನೆಯಲ್ಲಿದೆ. ವೇಗ ನೂರಕ್ಕೆ ಆರರಷ್ಟು ತಪ್ಪಿದರೆ ಶ್ರುತಿ ಅರ್ಧ ಸ್ವರದಷ್ಟು ಸರಿಯುತ್ತದೆ, ಕಿವಿಗೆ ಕೂಡಲೇ ಗೊತ್ತಾಗುತ್ತದೆ. ಪೆಟ್ಟಿಗೆಯ ತಿದಿ ಒತ್ತಿ ಆ ಸ್ವರ ಹಿಡಿದು, ಇನ್ನೊಂದು ಕೈಯಲ್ಲಿ ಸ್ಕ್ರೂವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿದೆ. ಎರಡೂ ದನಿಗಳ ನಡುವಿನ ಅಲುಗಾಟ ನಿಧಾನವಾಗುತ್ತಾ ಬಂದು ನಿಂತಿತು. ಹೆಡ್ಡಿನ ಓರೆಯನ್ನು ಹೊಂದಿಸುವ, ಅದರ ಪಕ್ಕದ ಸ್ಪ್ರಿಂಗ್ ಸ್ಕ್ರೂವನ್ನು ಮಾತ್ರ ಮುಟ್ಟಲಿಲ್ಲ.

ಅಂದೇ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ತಂತಿ ಎಳೆದು ಎರಡೂ ಬದಿಗಳನ್ನು ನಕಲು ಮಾಡಿಕೊಂಡೆ. ಈಗ ಯಂತ್ರ ಅಟ್ಟದಲ್ಲಿಲ್ಲ, ಬಟ್ಟೆ ಹೊದ್ದು ತಂಪಾದ ನಡುಮನೆಯಲ್ಲಿದೆ. ಸೆಲ್ಲುಗಳನ್ನು ತೆಗೆದಿಟ್ಟಿದ್ದೇನೆ, ಆಗಾಗ ಒಂದು ಕ್ಯಾಸೆಟ್ ಪೂರ್ತಿ ಓಡಿಸುತ್ತೇನೆ.