ಕರೆಂಟ್ ಬಿಲ್ಲಿನಲ್ಲಿ ಕಾಣದ ಉಮಿ

ಬ್ರಹ್ಮಾವರದ ಹತ್ತಿರ ನಮ್ಮದೊಂದು ಸಣ್ಣ ಅಕ್ಕಿ ಮಿಲ್ಲು. ಭತ್ತ ಬೇಯಿಸಿ ಮಾಡುವ ಕುಚ್ಚಲಕ್ಕಿಯೇ ಮುಖ್ಯ, ಬೇಯಿಸದೆ ಮಾಡುವ ಬೆಳ್ತಿಗೆ ತೀರಾ ಕಡಿಮೆ. ಏಣೆಲಿನ, ಅಂದರೆ ಮಳೆಗಾಲದ ಬೆಳೆಯ, ಎಂಒ4 ತಳಿಯ ಭತ್ತ ಊರಿನಿಂದಲೇ ಬರುತ್ತದೆ, ಅದು ಮುಗಿದ ಮೇಲೆ ಘಟ್ಟದ ಮೇಲಿನ ಲಾರಿಗಳನ್ನೇ ಕಾಯಬೇಕು. ದಿನಕ್ಕೆ 8 ಟನ್ ಭತ್ತ ಅಕ್ಕಿಯಾದರೆ ಅವತ್ತು ಒಳ್ಳೆಯ ದಿನ.

ಮಗಳು ಎಂ.ಕಾಂ. ಓದುವಾಗ ಪ್ರಾಜೆಕ್ಟಿಗೆ ಅಂತ "ಅಪ್ಪ, ಮಿಲ್ಲಿನ ಇಂಧನದ ಲೆಕ್ಕ ಕೊಡಿ" ಅಂದಳು. ನಾನು ಮೆಸ್ಕಾಂ ಕರೆಂಟ್ ಬಿಲ್ಲಿನ ಫೈಲ್ ಎತ್ತಿ ಕೊಟ್ಟೆ. ಅವಳು ಅದನ್ನು ತಿರುವಿ ಹಾಕಿ "ಬಾಯ್ಲರಿಗೆ ಹಾಕುವ ಉಮಿ?" ಅಂತ ಕೇಳಿದಳು. ಅದಕ್ಕೆಂಥ ಲೆಕ್ಕ ಮಾರಾಯ್ತಿ, ನಮ್ಮದೇ ಭತ್ತದ ಉಮಿ, ಸುಮ್ನೆ ಬರುವುದು ಅಂದೆ. ಅವಳು ಬಿಡಲಿಲ್ಲ. ಆಮೇಲೆ ನನಗೂ ಹುಚ್ಚು ಹಿಡಿಯಿತು.

ಒಂದು ತಿಂಗಳು ಬಾಯ್ಲರಿಗೆ ಹೋಗುವ ಪ್ರತಿ ಗೋಣಿಯನ್ನೂ ತೂಗಿದೆವು. ಬಾಯ್ಲರ್ ನೋಡಿಕೊಳ್ಳುವ ಅಣ್ಣ ನಮ್ಮ ಅಪ್ಪನ ಕಾಲದವರು. "ಉಮಿಗೂ ಮೀಟರಾ ಧಣಿ?" ಅಂತ ನಕ್ಕರು. ಲೆಕ್ಕ ಹೀಗೆ ಬಂತು. ಒಂದು ಟನ್ ಭತ್ತಕ್ಕೆ ಕರೆಂಟ್ 38 ಯೂನಿಟ್, ಉಮಿ 170 ಕಿಲೋ. ಒಂದು ಕಿಲೋ ಉಮಿಯಲ್ಲಿ ಸುಮಾರು 3000 ಕಿಲೋಕ್ಯಾಲೊರಿ ಶಾಖ ಇರುತ್ತದೆ, ಒಂದು ಯೂನಿಟ್ ಕರೆಂಟ್ ಅಂದರೆ 860. ಅಂದರೆ ಆ 170 ಕಿಲೋ ಉಮಿ 590 ಯೂನಿಟ್‌ಗೆ ಸಮ! ಇಪ್ಪತ್ತು ವರ್ಷ ಕರೆಂಟ್ ಬಿಲ್ ನೋಡಿ ತಲೆ ಕೆಡಿಸಿಕೊಂಡದ್ದು 38ಕ್ಕೆ, 590ರ ಕಡೆ ತಿರುಗಿಯೂ ನೋಡಿರಲಿಲ್ಲ.

ಇಷ್ಟು ಶಾಖ ಎಲ್ಲಿಗೆ ಹೋಗುತ್ತದೆ ಅಂದರೆ, ಜಾಸ್ತಿ ಪಾಲು ಒಣಗಿಸುವುದಕ್ಕೆ. ಭತ್ತವನ್ನು 65–70 ಡಿಗ್ರಿ ಬಿಸಿನೀರಿನಲ್ಲಿ ಮೂರ್ನಾಲ್ಕು ಗಂಟೆ ನೆನೆಸಿ, ಸ್ಟೀಮ್ ಕೊಟ್ಟು ಹೊರಗೆ ತೆಗೆದಾಗ ಅದರಲ್ಲಿ ನೂರಕ್ಕೆ 35 ಪಾಲು ನೀರೇ ಇರುತ್ತದೆ. ಮಿಲ್ಲಿಗೆ ಹಾಕಬೇಕಾದರೆ 14ಕ್ಕೆ ಇಳಿಯಬೇಕು. ಒಂದು ಟನ್ನಿಗೆ ಹೆಚ್ಚುಕಡಿಮೆ 320 ಲೀಟರ್ ನೀರನ್ನು ಆವಿ ಮಾಡಿ ಓಡಿಸುವ ಕೆಲಸ ಇದು. ಅಪ್ಪನ ಕಾಲದಲ್ಲಿ ಈ ಕೆಲಸವನ್ನು ಬಿಸಿಲು ಮಾಡುತ್ತಿತ್ತು, ಮಳೆಗಾಲದಲ್ಲಿ ಮಾತ್ರ ಡ್ರೈಯರ್. ಈಗ ಅಂಗಳದಲ್ಲಿ ಭತ್ತ ಕಾಲಿನಿಂದ ಮಗುಚುವವರು ಯಾರಿದ್ದಾರೆ? ವರ್ಷವಿಡೀ ಡ್ರೈಯರೇ. ಬಿಸಿಲು ಆಗಲೂ ಯಾರ ಲೆಕ್ಕದಲ್ಲೂ ಇರಲಿಲ್ಲ ಅನ್ನುವುದು ಬೇರೆ ಮಾತು.

ಸರಿ, ಏನು ಮಾಡಿದೆ ಅಂದರೆ, ಮೊದಲು ಬರಿಮೈಯಲ್ಲಿದ್ದ 40 ಅಡಿ ಸ್ಟೀಮ್ ಪೈಪಿಗೆ ಗ್ಲಾಸ್ ವುಲ್ ಸುತ್ತಿಸಿದೆ. ಸೋರುತ್ತಿದ್ದ ವಾಲ್ವ್ ಬದಲಾಯಿಸಿದೆ. ಡ್ರೈಯರಿನಲ್ಲಿ ಸ್ಟೀಮ್ ತಣಿದು ವಾಪಸ್ ಬರುವ ಬಿಸಿನೀರು ಚರಂಡಿಗೆ ಹೋಗುತ್ತಿತ್ತು, ಅದನ್ನು ಬಾಯ್ಲರಿನ ಟ್ಯಾಂಕಿಗೆ ತಿರುಗಿಸಿದೆ. ಬಾಯ್ಲರಿಗೆ ಹೋಗುವ ನೀರು 6 ಡಿಗ್ರಿ ಬಿಸಿಯಾದರೆ ಇಂಧನ ನೂರಕ್ಕೆ ಒಂದು ಪಾಲು ಉಳಿಯುತ್ತದೆ ಅನ್ನುವುದು ಬಾಯ್ಲರಿನವರ ಹಳೆಯ ಲೆಕ್ಕ. ಬೂದಿಯ ಬಣ್ಣ ನೋಡುವುದನ್ನು ಆ ಅಣ್ಣನೇ ಹೇಳಿಕೊಟ್ಟರು. ಕರಿ ಬೂದಿ ಬಂದರೆ ಉಮಿ ಅರ್ಧಂಬರ್ಧ ಉರಿದಿದೆ, ಗಾಳಿ ಸಾಲಲಿಲ್ಲ ಅಂತ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂದರೆ "ನೀವು ಕೇಳಲಿಲ್ಲ ಅಲ್ವಾ" ಅಂದರು.

ದೊಡ್ಡ ಉಳಿತಾಯ ಸಿಕ್ಕಿದ್ದು ಮಾತ್ರ ನಾನು ನೆನೆಸದ ಕಡೆ. ಭತ್ತ ಒಣಗಿತಾ ಅಂತ ನಮ್ಮವರು ಹಲ್ಲಿನಲ್ಲಿ ಕಚ್ಚಿ ನೋಡುತ್ತಿದ್ದರು. ತೇವಾಂಶದ ಮೀಟರ್ ತಂದು ಹಾಕಿದರೆ 11 ತೋರಿಸಬೇಕೇ! ಅಂದರೆ ಉಮಿಯೂ ದಂಡ, ಅಕ್ಕಿಯ ತೂಕವೂ ದಂಡ, ಅದರ ಮೇಲೆ ನುಚ್ಚು ಬೇರೆ. ಈಗ 18ಕ್ಕೆ ಬಂದಾಗ ನಿಲ್ಲಿಸಿ, ಕೆಲವು ಗಂಟೆ ಹಾಗೇ ಬಿಟ್ಟು, ಎರಡನೇ ಸಲ ಒಣಗಿಸಿ 14ಕ್ಕೆ ತೆಗೆಯುತ್ತೇವೆ. ಎಲ್ಲ ಸೇರಿ ಉಮಿ ಟನ್ನಿಗೆ 130 ಕಿಲೋಗೆ ಇಳಿಯಿತು.

ಕರೆಂಟ್ ಮಾತ್ರ ಇಳಿಯಲಿಲ್ಲ. ಮೊದಲು ಟನ್ನಿಗೆ 26 ಯೂನಿಟ್ ಇದ್ದದ್ದು 38ಕ್ಕೆ ಏರಿದ್ದೇ ಬಣ್ಣ ನೋಡಿ ಕಪ್ಪು ಕಾಳು ಬೇರೆ ಮಾಡುವ ಕಲರ್ ಸಾರ್ಟರ್ ಮತ್ತು ಅದರ ಕಂಪ್ರೆಸರ್ ಬಂದ ಮೇಲೆ. ಅನ್ನದಲ್ಲಿ ಒಂದು ಕಪ್ಪು ಕಾಳು ಕಂಡರೆ ಅಂಗಡಿಯವರು ಮೂಟೆಯನ್ನೇ ವಾಪಸ್ ಕಳಿಸುತ್ತಾರೆ ಮಾರಾಯ್ರೆ, ಏನು ಮಾಡುವುದು? ಕೆಂಪು ಕಜೆ ಅಕ್ಕಿಗೆ ಪಾಲಿಶ್ ಕಡಿಮೆ, ಕರೆಂಟೂ ಕಡಿಮೆ, ಆದರೆ ಕೇಳುವವರು ಎಷ್ಟು ಜನ? ನಡುವೆ ಒಬ್ಬರು ಕರೆಂಟ್ ಉಳಿಸುವ ಪೆಟ್ಟಿಗೆ ಅಂತ ತಂದು ಕೊಟ್ಟರು, ನಾನೂ ದುಡ್ಡು ಕೊಟ್ಟೆ. ಅದರ ಮೇಲಿನ ಹಸಿರು ಬಲ್ಬು ಚೆನ್ನಾಗಿ ಉರಿಯುತ್ತದೆ, ಅಷ್ಟೇ.

ಇನ್ನು ದೇಶದ ಲೆಕ್ಕ. ಕಾರ್ಖಾನೆಗಳ ಇಂಧನದ ಅಂಕಿಅಂಶ ಬರುವುದು ವಾರ್ಷಿಕ ಕೈಗಾರಿಕಾ ಸಮೀಕ್ಷೆಯಿಂದ ಅಂತ ಮಗಳು ತೋರಿಸಿದಳು. ಅದರಲ್ಲಿ 'ಬಳಸಿದ ಇಂಧನ' ಅಂದರೆ ಕೊಂಡುಕೊಂಡ ಇಂಧನ. ಕಾರ್ಖಾನೆ ತಾನೇ ಹುಟ್ಟಿಸಿ ತಾನೇ ಸುಟ್ಟದ್ದು ಅದರಲ್ಲಿ ಬರುವುದಿಲ್ಲ. ಕರೆಂಟ್ ಇದ್ದೂ 10 ಜನಕ್ಕಿಂತ ಕಡಿಮೆ ಕೆಲಸಗಾರರಿರುವ ಜಾಗ ಸಾಮಾನ್ಯವಾಗಿ ಸಮೀಕ್ಷೆಯೊಳಗೇ ಇಲ್ಲ. ಈ ದೇಶದಲ್ಲಿ ವರ್ಷಕ್ಕೆ 13 ಕೋಟಿ ಟನ್ನಿಗೂ ಮೀರಿ ಅಕ್ಕಿ ಆಗುತ್ತದೆ. ಭತ್ತದ ತೂಕದ ಐದನೇ ಒಂದು ಪಾಲು ಉಮಿ ಅಂತ ಹಿಡಿದರೂ ಹೆಚ್ಚುಕಡಿಮೆ 4 ಕೋಟಿ ಟನ್. ಸಕ್ಕರೆ ಕಾರ್ಖಾನೆಗಳ ಕಬ್ಬಿನ ಸಿಪ್ಪೆಯದ್ದೂ ಇದೇ ಕಥೆ. ಹಾಗಾಗಿ ಆಹಾರ ತಯಾರಿಕೆಗೆ ಕರೆಂಟ್ ಬಳಕೆ ಇಷ್ಟು ಏರಿತು, ಅಷ್ಟು ಏರಿತು ಅನ್ನುವ ಗ್ರಾಫ್ ಕಂಡರೆ ನನಗೆ ಈಗ ನಮ್ಮ 38 ನೆನಪಾಗುತ್ತದೆ.

ಉಳಿದ ಉಮಿಯನ್ನು ಈಗ ಕಾರ್ಕಳ ಕಡೆಯ ಒಂದು ಗೇರುಬೀಜದ ಕಾರ್ಖಾನೆಗೆ ಕೊಡುತ್ತೇವೆ. ಅವರು ಮೊದಲು ತಮ್ಮ ಬೀಜದ ಸಿಪ್ಪೆಯನ್ನೇ ಬಾಯ್ಲರಿಗೆ ಹಾಕುತ್ತಿದ್ದರು. ಈಗ ಸಿಪ್ಪೆಗೆ ಎಣ್ಣೆ ತೆಗೆಯುವವರು ಒಳ್ಳೆ ಬೆಲೆ ಕೊಡುತ್ತಾರೆ, ಅದನ್ನು ಮಾರಿ ನಮ್ಮ ಉಮಿ ಕೊಳ್ಳುತ್ತಾರೆ. ಅಲ್ಲಿ ಕೆಲಸಕ್ಕೆ ನೂರಕ್ಕೂ ಹೆಚ್ಚು ಜನ ಇದ್ದಾರೆ, ಅವರ ಲೆಕ್ಕ ಸಮೀಕ್ಷೆಗೆ ಹೋಗುತ್ತದೆ. ನಾವು ಉಳಿಸಿದ ಉಮಿ ಅಲ್ಲಿ ಕೊಂಡ ಇಂಧನ. ಮೊನ್ನೆ ಬಿಲ್ ಬರೆಯುವಾಗ ಮಗಳು ಹೇಳಿದಳು, "ಅಪ್ಪ, ನೀವು ಇಂಧನ ಉಳಿಸಿದ್ದರಿಂದ ದೇಶದ ಪುಸ್ತಕದಲ್ಲಿ ಇಂಧನದ ಖರ್ಚು ಜಾಸ್ತಿಯಾಯಿತು."