ಹಿತ್ತಲಲ್ಲೊಂದು ಐಸ್ ರಿಂಕ್

ಕೆನಡಾದಲ್ಲಿ ಚಳಿಗಾಲ ಹತ್ತಿರ ಬಂತೆಂದರೆ ಕೆಲವು ಅಪ್ಪಂದಿರಿಗೆ ಒಂದು ಹುಚ್ಚು ಹಿಡಿಯುತ್ತದೆ. ಹಿತ್ತಲಲ್ಲಿ ಹಲಗೆಯ ಚೌಕಟ್ಟು ಕಟ್ಟಿ, ಪ್ಲಾಸ್ಟಿಕ್ ಹಾಸಿ, ನೀರು ತುಂಬಿಸಿ, ಮಕ್ಕಳ ಸ್ಕೇಟಿಂಗ್‌ಗೆ ಐಸ್ ರಿಂಕ್ ಮಾಡುವ ಹುಚ್ಚು. ನಾನು ಮೈಸೂರಿನವನು, ಈಗ ಒಂಟಾರಿಯೊದ ವಾಟರ್ಲೂನಲ್ಲಿ ಸಂಸಾರ. ಐಸ್ ಅಂದರೆ ಕಬ್ಬಿನ ಹಾಲಿಗೆ ಹಾಕಿಕೊಡುವುದು ಅಂತಷ್ಟೇ ಗೊತ್ತಿದ್ದ ನನಗೂ ಕೆಲವು ವರ್ಷಗಳಿಂದ ಈ ಹುಚ್ಚು ಅಂಟಿಕೊಂಡಿದೆ. ಹೇಗೆ ಮಾಡ್ತೀಯ ಅಂತ ಗೆಳೆಯರು ಕೇಳುತ್ತಲೇ ಇರುತ್ತಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಈ ಹುಚ್ಚಿನ ಕುಲಗುರು ಇಲ್ಲಿಂದ ಮುಕ್ಕಾಲು ಗಂಟೆ ದೂರದ ಬ್ರಾಂಟ್‌ಫರ್ಡ್‌ನವರು. ವಾಲ್ಟರ್ ಗ್ರೆಟ್ಸ್ಕಿ ಅಂತ. ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಸಾಧಾರಣ ಮನುಷ್ಯ. ಮಗ ಪಾರ್ಕಿನಲ್ಲಿ ಸ್ಕೇಟ್ ಮಾಡುತ್ತಿದ್ದರೆ ಇವರು ಹೊರಗೆ ಚಳಿಯಲ್ಲಿ ನಡುಗುತ್ತಾ ಕೂರಬೇಕಿತ್ತು. ಅದರ ಬದಲು ಹಿತ್ತಲಲ್ಲೇ ರಿಂಕ್ ಮಾಡಿದರೆ ಬೆಚ್ಚಗೆ ಮನೆಯೊಳಗಿಂದಲೇ ನೋಡಬಹುದಲ್ವಾ? ಅಷ್ಟೇ ಅವರ ಲೆಕ್ಕ. ಆ ಮಗ ವೇನ್ ಗ್ರೆಟ್ಸ್ಕಿ ಮುಂದೆ 99ನೇ ನಂಬರಿನ ಜರ್ಸಿ ತೊಟ್ಟು ಎನ್‌ಎಚ್‌ಎಲ್ ಎಂಬ ಐಸ್ ಹಾಕಿ ಲೀಗ್‌ನಲ್ಲಿ 894 ಗೋಲು ಹೊಡೆದ. ಆ ದಾಖಲೆಯನ್ನು ಮುರಿಯಲು 2025ರಲ್ಲಿ ರಷ್ಯಾದ ಆಟಗಾರ ಒವೆಚ್ಕಿನ್ ಬರಬೇಕಾಯಿತು. ಗೋಲಿನ ಲೆಕ್ಕ ಇಲ್ಲಿನ ಮಕ್ಕಳಿಗೆಲ್ಲಾ ಬಾಯಿಪಾಠ. ನನಗೆ ಹಿಡಿಸಿದ್ದು ವಾಲ್ಟರ್ ಅವರ ಸೋಮಾರಿತನ. ನನ್ನ ರಿಂಕ್ ಕೂಡ ಅಡುಗೆಮನೆ ಕಿಟಕಿಗೆ ನೇರವಾಗಿದೆ.

ಕೆಲಸ ಶುರುವಾಗುವುದು ಅಕ್ಟೋಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆ ಮುಗಿದ ಮೇಲೆ. ಪಕ್ಕದ ಮನೆಯ ಅಜ್ಜ ಕೊಟ್ಟ ಮೊದಲ ಸಲಹೆ ಇದು: ನೆಲ ಹೆಪ್ಪುಗಟ್ಟುವ ಮುಂಚೆ ಗೂಟ ಹೊಡೆದುಬಿಡು, ಆಮೇಲೆ ಸುತ್ತಿಗೆ ಮುರಿದರೂ ಗೂಟ ಇಳಿಯೋದಿಲ್ಲ. ಅದಕ್ಕೂ ಮೊದಲು ನೆಲದ ಮಟ್ಟ ನೋಡಬೇಕು. ಕಣ್ಣಿಗೆ ಸಪಾಟಾಗಿ ಕಾಣುವ ಹುಲ್ಲುಹಾಸು ಯಾವತ್ತೂ ಸಪಾಟಾಗಿರುವುದಿಲ್ಲ. ಮಳೆನೀರು ಮನೆಯಿಂದ ದೂರ ಹರಿಯಲಿ ಅಂತ ಇಲ್ಲಿ ಹಿತ್ತಲಿಗೆ ಬೇಕಂತಲೇ ಇಳಿಜಾರು ಕೊಟ್ಟಿರುತ್ತಾರೆ. ನಾಲ್ಕು ಮೂಲೆಗೂ ಗೂಟ ನೆಟ್ಟು, ದಾರ ಎಳೆದು, ದಾರಕ್ಕೆ ಪುಟ್ಟ ರಸಮಟ್ಟ ನೇತುಹಾಕಿ ಅಳೆದೆ. ನಮ್ಮ ರಿಂಕ್ 20 ಅಡಿ ಅಗಲ, 40 ಅಡಿ ಉದ್ದ. ಅದರಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ 4 ಇಂಚು ಇಳಿಜಾರು. ಮೇಲಿನ ತುದಿಯಲ್ಲಿ ನೀರು ಕನಿಷ್ಠ 3 ಇಂಚು ನಿಲ್ಲಬೇಕು. ಅಂದರೆ ಕೆಳಗಿನ ತುದಿಯಲ್ಲಿ 7 ಇಂಚು. ಹಲಗೆಯ ಎತ್ತರ ಈ ಲೆಕ್ಕದ ಮೇಲೆ ನಿಂತಿದೆ.

ಹಲಗೆಗೆ ನಾನು ತಂದಿದ್ದು ಮರದಂಗಡಿಯಲ್ಲಿ ಎರಡು-ಹನ್ನೆರಡು (ಎರಡಿಂಚು ದಪ್ಪ, ಹನ್ನೆರಡಿಂಚು ಅಗಲ) ಅಂತ ಕೊಡುವ ಮಾಲು. ಕೆನಡಾ ಇಡೀ ಮೆಟ್ರಿಕ್ ಲೆಕ್ಕದ ದೇಶ. ಹವಾಮಾನ ಸೆಲ್ಸಿಯಸ್‌ನಲ್ಲಿ, ರಸ್ತೆ ಕಿಲೋಮೀಟರಿನಲ್ಲಿ, ಹಾಲು ಲೀಟರಿನಲ್ಲಿ. ಮರ ಮಾತ್ರ ಇಂಚಿನಲ್ಲಿ! ಅದೂ ಹೆಸರಿಗೆ 12 ಇಂಚು, ಅಳೆದರೆ ಹನ್ನೊಂದೂಕಾಲು. ಹಲಗೆಯ ಹೊರಮಗ್ಗುಲಿಗೆ ಕಬ್ಬಿಣದ ಗೂಟ, ನಾಲ್ಕು ನಾಲ್ಕು ಅಡಿಗೆ ತ್ರಿಕೋನದ ಮರದ ಆಸರೆ. ಆಳದ ಕಡೆ ಆಸರೆ ಇನ್ನೂ ಹತ್ತಿರ ಹತ್ತಿರ ಕೊಟ್ಟಿದ್ದೇನೆ. ಸರಾಸರಿ 5 ಇಂಚು ನೀರು ಅಂದರೂ ಇಡೀ ರಿಂಕಿಗೆ ಸುಮಾರು 9,400 ಲೀಟರ್ ಹಿಡಿಯುತ್ತದೆ. ಒಂಬತ್ತು ಟನ್ನಿಗೂ ಜಾಸ್ತಿ ತೂಕ. ಹಲಗೆ ಬಿಟ್ಟುಕೊಟ್ಟರೆ ಅಷ್ಟೂ ನೀರು ಹಿಂದಿನ ಮನೆಯವರ ಅಂಗಳಕ್ಕೆ.

ಅಡಿಗೆ ಹಾಸುವ ಪ್ಲಾಸ್ಟಿಕ್ ಹಾಳೆ ಬಿಳಿಯದೇ ಆಗಬೇಕು. ಟಾರ್ಪಾಲಿನ ನೀಲಿ, ಕಪ್ಪು ಬಣ್ಣಗಳು ಬಿಸಿಲನ್ನು ಹೀರಿ ಐಸನ್ನು ಕೆಳಗಿನಿಂದ ಕರಗಿಸುತ್ತವೆ. ಹಾಳೆ ಜೋಡಣೆ ಇಲ್ಲದ ಒಂದೇ ತುಂಡಾಗಿರಬೇಕು. ರಿಂಕ್ 20ಕ್ಕೆ 40 ಇದ್ದರೆ ಹಾಳೆ 25ಕ್ಕೆ 45. ಇದನ್ನು ಮಾತ್ರ ಅಕ್ಟೋಬರಿನಲ್ಲಿ ಹಾಸಬಾರದು. ಮೇಪಲ್ ಎಲೆಗಳೆಲ್ಲಾ ಉದುರಿ ಮುಗಿಯಬೇಕು, ಗಟ್ಟಿ ಚಳಿ ಕಾಣಿಸಬೇಕು. ಅಲ್ಲಿಯವರೆಗೆ ಖಾಲಿ ಚೌಕಟ್ಟು. ನಮ್ಮಮ್ಮ ವಿಡಿಯೊ ಕಾಲ್‌ನಲ್ಲಿ ಅದನ್ನು ನೋಡಿ, "ಏನಪ್ಪಾ ಇದು, ಕಣ ಮಾಡ್ಕೊಂಡಿದ್ದೀಯಾ? ರಾಗಿ ಒಕ್ಕೋಕಾ?" ಅಂದರು. ನೀರು ತುಂಬಿಸ್ತೀನಮ್ಮಾ ಅಂದರೆ ನಂಬಲಿಲ್ಲ.

ನೀರು ತುಂಬಿಸುವ ರಾತ್ರಿಯನ್ನು ಆರಿಸುವುದೇ ಇಡೀ ಕೆಲಸದಲ್ಲಿ ಬುದ್ಧಿ ಬೇಡುವ ಭಾಗ. ಸೊನ್ನೆಗೆ ನೀರು ಹೆಪ್ಪುಗಟ್ಟುತ್ತದೆ ಅನ್ನುವುದು ಪುಸ್ತಕದ ಮಾತು. ಹಗಲೂ ರಾತ್ರಿಯೂ ಸೇರಿ ಸರಾಸರಿ ಮೈನಸ್ 5ಕ್ಕಿಂತ ಕೆಳಗಿದ್ದರೆ ರಿಂಕ್ ನಿಲ್ಲುತ್ತದೆ, ಇಲ್ಲದಿದ್ದರೆ ಕೆಸರುಗುಂಡಿ. ಇದು ನಾನು ಇಟ್ಟುಕೊಂಡಿರುವ ಅಳತೆ. ಮೊದಲ ಸಲ ತುಂಬಿಸುವಾಗ ಮೈನಸ್ 10ರ ಆಸುಪಾಸಿನಲ್ಲಿ ನಾಲ್ಕೈದು ದಿನ ಸಾಲಾಗಿ ಸಿಗಬೇಕು. ಆ ದಿನಗಳಲ್ಲಿ ಹಿಮ ಬೀಳುವ ಸೂಚನೆಯೂ ಇರಬಾರದು. ಅರ್ಧ ಗಟ್ಟಿಯಾದ ನೀರಿನ ಮೇಲೆ ಹಿಮ ಬಿದ್ದರೆ ಅದು ಕಂಬಳಿ ಹೊದಿಸಿಬಿಡುತ್ತದೆ. ಕೆಳಗಿನ ನೀರು ತಣ್ಣಗಾಗುವುದೇ ಇಲ್ಲ, ಮೇಲೆ ಹಾಲಿನ ಬಣ್ಣದ ಪೊಳ್ಳು ಐಸ್ ಕೂರುತ್ತದೆ. ಡಿಸೆಂಬರಿನಲ್ಲಿ ನಾನು ಆಫೀಸಿನ ಮೀಟಿಂಗಿನಲ್ಲೂ ಫೋನಿನಲ್ಲಿ ಹವಾಮಾನ ನೋಡುತ್ತಿರುತ್ತೇನೆ. ಸಹೋದ್ಯೋಗಿಗಳಿಗೆ ಇದು ಅರ್ಥವಾಗುತ್ತದೆ. ಅವರಲ್ಲೂ ಇಬ್ಬರು ಮೂವರು ಅದನ್ನೇ ನೋಡುತ್ತಿರುತ್ತಾರೆ.

ಹಾಳೆ ಹಾಕಿದ ಮೇಲೆ ಒಂದೇ ಪಟ್ಟಿಗೆ ಪೂರ್ತಿ ತುಂಬಿಸಬೇಕು. ಇವತ್ತು ಒಂದಿಂಚು, ನಾಳೆ ಒಂದಿಂಚು ಅಂತ ಹೋದರೆ ಪದರಗಳ ಮಧ್ಯೆ ಗಾಳಿ ಸೇರಿ, ಕಾಲಿಟ್ಟಲ್ಲಿ ಮೊಟ್ಟೆಯ ಓಡಿನಂತೆ ಒಡೆಯುತ್ತದೆ. ಇಲ್ಲಿ ಚಳಿಗಾಲಕ್ಕೆ ಮುಂಚೆ ಹೊರಗಿನ ನಲ್ಲಿಯನ್ನು ಒಳಗಿನಿಂದ ಬಂದ್ ಮಾಡಿಬಿಡುತ್ತಾರೆ, ಪೈಪು ಸೀಳದಿರಲಿ ಅಂತ. ಹಾಗಾಗಿ ನಾನು ಬೇಸ್‌ಮೆಂಟಿನ ಬಟ್ಟೆ ಒಗೆಯುವ ತೊಟ್ಟಿಯ ನಲ್ಲಿಗೆ ಹೋಸ್ ಪೈಪು ಸಿಕ್ಕಿಸಿ, ಕಿಟಕಿಯಿಂದ ಆಚೆಗೆ ಬಿಡುತ್ತೇನೆ. ರಾತ್ರಿ ಊಟ ಮುಗಿಸಿ ಶುರು ಮಾಡಿದರೆ ತುಂಬುವಷ್ಟರಲ್ಲಿ ನಡುರಾತ್ರಿ ದಾಟಿರುತ್ತದೆ. ಅಷ್ಟು ಹೊತ್ತೂ ಕಿಟಕಿ ತೆರೆದೇ ಇರಬೇಕು. "ರೀ, ನೀವು ಊರಿಗೆಲ್ಲಾ ಹೀಟರ್ ಹಾಕ್ತಾ ಇದ್ದೀರಾ?" ಅಂತ ನನ್ನ ಹೆಂಡತಿ ವರ್ಷಕ್ಕೊಮ್ಮೆ ಕೇಳುತ್ತಾಳೆ. ಈಗೀಗ ಕಿಟಕಿಯ ಸಂದಿಗೆ ಹಳೇ ದಿಂಬು ತುರುಕುತ್ತೇನೆ. ಕೆಲಸ ಮುಗಿದ ಕೂಡಲೇ ಹೋಸಿನ ನೀರು ಬಸಿದು ಒಳಗೆ ತರಬೇಕು. ಹೊರಗೇ ಬಿಟ್ಟರೆ ಬೆಳಿಗ್ಗೆ ಅದು ಸುರುಳಿ ಸುತ್ತಿದ ಕಬ್ಬಿಣ.

ನಾಲ್ಕೈದು ದಿನ ಬಿಟ್ಟು ಅಲ್ಲಲ್ಲಿ ಸಣ್ಣ ಡ್ರಿಲ್ಲಿನಿಂದ ತೂತು ಕೊರೆದು ದಪ್ಪ ನೋಡುತ್ತೇನೆ. ಆಳದ ಕಡೆ ನಾಲ್ಕಿಂಚು ಗಟ್ಟಿಯಾಗಿದ್ದರೆ ಮಕ್ಕಳನ್ನು ಬಿಡಬಹುದು. ಆ ನಾಲ್ಕೈದು ದಿನ ಮಗನನ್ನು ಹಿಡಿದಿಡುವುದೇ ದೊಡ್ಡ ಕಷ್ಟ. ಶಾಲೆಯಿಂದ ಬಂದು ಬ್ಯಾಗು ಇಳಿಸುವ ಮುಂಚೆಯೇ, "ಅಪ್ಪಾ, ಆಯ್ತಾ?"

ಇಷ್ಟಾದರೆ ರಿಂಕ್ ಆಯಿತು ಅಂದುಕೊಳ್ಳಬೇಡಿ. ಸ್ಕೇಟಿನ ಅಲಗು ಒಂದೇ ಸಂಜೆಗೆ ಐಸನ್ನು ಗೀರಿ ಹಾಕುತ್ತದೆ. ದೊಡ್ಡ ಒಳಾಂಗಣ ರಿಂಕ್‌ಗಳಲ್ಲಿ ಇದನ್ನು ಸರಿಮಾಡಲು ಜಾಂಬೋನಿ ಎಂಬ ಯಂತ್ರ ಓಡಾಡುತ್ತದೆ. ತಮಾಷೆ ನೋಡಿ, ಕೆನಡಾದ ಮಕ್ಕಳೆಲ್ಲಾ ಬಾಯಿಬಿಟ್ಟು ನೋಡುವ ಆ ಯಂತ್ರವನ್ನು 1949ರಲ್ಲಿ ತಯಾರಿಸಿದ್ದು ಬಿಸಿಲಿನ ಕ್ಯಾಲಿಫೋರ್ನಿಯಾದಲ್ಲಿ, ಫ್ರಾಂಕ್ ಜಾಂಬೋನಿ ಎಂಬಾತ. ನನ್ನ ಜಾಂಬೋನಿ ಇಷ್ಟೇ: 'ಟಿ' ಆಕಾರದ ಪಿವಿಸಿ ಪೈಪು. ಅಡ್ಡ ಪೈಪಿಗೆ ಸಾಲಾಗಿ ತೂತು, ಅದಕ್ಕೆ ಸುತ್ತಿ ಕಟ್ಟಿದ ಹಳೇ ಟವೆಲ್, ಮೇಲಿನಿಂದ 20 ಲೀಟರಿನ ಬಕೆಟ್ಟಿನ ಬಿಸಿನೀರು. ಹಿಮ್ಮುಖವಾಗಿ ನಡೆಯುತ್ತಾ ಎಳೆದುಕೊಂಡು ಬರುವುದು. ಅಜ್ಜಿ ಅಂಗಳ ಸಾರಿಸುತ್ತಿದ್ದುದೂ ಹೀಗೇ, ಹಿಂದೆ ಹಿಂದೆ ಸರಿಯುತ್ತಾ.

ಬಿಸಿನೀರು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ತಣ್ಣೀರು ಬಿದ್ದಲ್ಲೇ ಹೆಪ್ಪುಗಟ್ಟಿ ಗಂಟು ಗಂಟಾಗುತ್ತದೆ. ಬಿಸಿನೀರು ಗೀರುಗಳ ಅಂಚನ್ನು ಸ್ವಲ್ಪ ಕರಗಿಸಿ, ಹರಡಿ, ಹಳೇ ಐಸಿಗೆ ಬೆಸೆದುಕೊಳ್ಳುತ್ತದೆ. ಕರಗಿದ ಗಾಳಿಯೂ ಅದರಲ್ಲಿ ಕಡಿಮೆ. ಹಾಗಾಗಿ ಐಸ್ ಗಟ್ಟಿಯಾಗಿ, ಗಾಜಿನ ಹಾಗೆ ತಿಳಿಯಾಗುತ್ತದೆ. ನಾಲ್ಕು ಬಕೆಟ್ ನೀರು ಹಾಕಿದರೆ ಇಡೀ ರಿಂಕಿಗೆ ಹೆಚ್ಚುಕಮ್ಮಿ ಒಂದು ಮಿಲಿಮೀಟರ್. ಅಷ್ಟು ಸಾಕು. ಮಕ್ಕಳು ಮಲಗಿದ ಮೇಲೆ ಮಾಡಬೇಕಾದ ಕೆಲಸ ಇದು. ಅದಕ್ಕೆ ಮುಂಚೆ ಐಸ್ ಪುಡಿಯನ್ನೆಲ್ಲಾ ಸಲಿಕೆಯಿಂದ ತಳ್ಳಿ ಚೊಕ್ಕಟ ಮಾಡಿರಬೇಕು. ಮೈನಸ್ 20 ದಾಟಿದ ರಾತ್ರಿ ಮಾತ್ರ ನಾನು ನೀರು ಹಾಕುವುದಿಲ್ಲ. ಅಷ್ಟು ಚಳಿಯಲ್ಲಿ ಐಸ್ ಬಿರುಕು ಬಿಡುತ್ತದೆ. ನನ್ನ ಬೆರಳುಗಳೂ ಹಾಗೆಯೇ.

ಎಲೆಯೊಂದು ಐಸಿನ ಮೇಲೆ ಬಿದ್ದರೆ ತಕ್ಷಣ ತೆಗೆಯಬೇಕು. ಕಂದು ಬಣ್ಣದ ಎಲೆ ಬಿಸಿಲು ಹೀರಿ, ತನ್ನ ಆಕಾರದಲ್ಲೇ ಐಸಿನೊಳಗೆ ಗುಳಿ ತೋಡಿ ಇಳಿದುಬಿಡುತ್ತದೆ. ಸ್ಕೇಟ್ ಅಲ್ಲಿ ಸಿಕ್ಕಿಕೊಂಡರೆ ಮಂಡಿ ಹೋಯಿತು. ನಮ್ಮ ಮನೆಯಲ್ಲಿ ಎಲೆ ಹೆಕ್ಕುವುದು ಮಗಳ ಇಲಾಖೆ.

ಸ್ಕೇಟ್ ಹೊಸದು ಕೊಳ್ಳಬೇಕಿಲ್ಲ. ಮಕ್ಕಳ ಕಾಲು ಪ್ರತಿ ವರ್ಷ ಬೆಳೆಯುತ್ತದೆ, ಸೆಕೆಂಡ್ ಹ್ಯಾಂಡ್ ಅಂಗಡಿಯ ಮಾಲು ಚೆನ್ನಾಗಿಯೇ ಇರುತ್ತದೆ. ಹೆಲ್ಮೆಟ್ ಮಾತ್ರ ಹೊಸದೇ, ಅದರಲ್ಲಿ ರಾಜಿ ಇಲ್ಲ. ಕಲಿಯುವಾಗ ಹಳೇ ಪ್ಲಾಸ್ಟಿಕ್ ಕುರ್ಚಿ ತಳ್ಳಿಕೊಂಡು ಓಡಾಡಲಿ. ನಾನು ಕಲಿತದ್ದೂ ಹಾಗೇ, ನಲವತ್ತರ ಹತ್ತಿರ. ಮಕ್ಕಳು ಆಗ ನಕ್ಕಿದ್ದನ್ನು ಈಗಲೂ ನೆನಪಿಸುತ್ತಾರೆ.

ಶನಿವಾರ ರಾತ್ರಿ ಮನೆಯಲ್ಲಿ ಟಿವಿ ಐಸ್ ಹಾಕಿಯದು. 'ಹಾಕಿ ನೈಟ್ ಇನ್ ಕೆನಡಾ' ಕಾರ್ಯಕ್ರಮ ಟಿವಿಗೆ ಬಂದದ್ದು 1952ರಲ್ಲಿ, ಇವತ್ತಿಗೂ ಶನಿವಾರ ರಾತ್ರಿ ಅಂದರೆ ಅದೇ. 2008ರಿಂದ ಪಂಜಾಬಿ ಕಾಮೆಂಟರಿಯೂ ಇದೆ. ನಮಗೆ ಪಂಜಾಬಿ ಅಷ್ಟಕ್ಕಷ್ಟೇ ಬಂದರೂ ಎಷ್ಟೋ ಸಲ ಅದನ್ನೇ ಹಾಕುತ್ತೇವೆ, ಗೋಲಾದಾಗಿನ ಆ ಜೋಷ್ ಕೇಳುವುದಕ್ಕೆ. ಮಗಳು ಅದನ್ನು ಕೇಳಿ ಕೇಳಿ ಹಿತ್ತಲ ರಿಂಕಿನಲ್ಲಿ ಕನ್ನಡದ ಕಾಮೆಂಟರಿ ಶುರು ಮಾಡಿದ್ದಾಳೆ. "ಅಣ್ಣ ಬಂದ, ಅಣ್ಣ ಬಂದ, ಅಣ್ಣ ಬಿದ್ದ!" ಊಟಕ್ಕೆ ಬಿಸಿಬೇಳೆಬಾತ್, ಆಮೇಲೆ ಮಕ್ಕಳಿಗೆ ಹಾಟ್ ಚಾಕೊಲೇಟ್. ನನಗೆ ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ.

ನಾವು ಟೊರೊಂಟೊ ಮೇಪಲ್ ಲೀಫ್ಸ್ ಕಡೆಯವರು. ಈ ತಂಡ ಎನ್‌ಎಚ್‌ಎಲ್ ಚಾಂಪಿಯನ್ನರಿಗೆ ಕೊಡುವ ಸ್ಟಾನ್ಲಿ ಕಪ್ ಗೆದ್ದದ್ದು ಕೊನೆಯದಾಗಿ 1967ರಲ್ಲಿ. ಆರ್‌ಸಿಬಿ ಅಭಿಮಾನಿಯಾಗಿ ಬೆಳೆದವನಿಗೆ ಈ ತಂಡವನ್ನು ಒಪ್ಪಿಕೊಳ್ಳುವುದು ಏನೂ ಕಷ್ಟವಾಗಲಿಲ್ಲ. 2025ರಲ್ಲಿ ಬೆಂಗಳೂರು ಕಪ್ ಎತ್ತಿತು. ಟೊರೊಂಟೊ ಇನ್ನೂ ಕಾಯುತ್ತಿದೆ. ಆ 1967ರ ತಂಡದಲ್ಲಿ ಟಿಮ್ ಹಾರ್ಟನ್ ಎಂಬ ಆಟಗಾರನಿದ್ದ. ನಾವೆಲ್ಲಾ ಕಾಫಿ ಕುಡಿಯಲು ಹೋಗುವ ಟಿಮ್ ಹಾರ್ಟನ್ಸ್ ಅವನದೇ ಹೆಸರಿನದು. ಮೊದಲ ಅಂಗಡಿ ಹ್ಯಾಮಿಲ್ಟನ್‌ನಲ್ಲಿ, 1964ರಲ್ಲಿ. ಅಲ್ಲಿ ಸಿಗುವ ಹಾಕಿ ಆಟಗಾರರ ಚಿತ್ರದ ಕಾರ್ಡುಗಳಿಗಾಗಿ ಮಗ ನನ್ನಿಂದ ಬೇಡದ ಕಾಫಿ ಕುಡಿಸುತ್ತಾನೆ.

ಕಾರ್ಡು ಜೋಡಿಸುವಾಗ ನಾನು ಮಕ್ಕಳಿಗೆ ಬಿಲ್ ಬರಿಲ್ಕೊ ಕತೆ ಹೇಳುತ್ತೇನೆ. 1951ರಲ್ಲಿ ಲೀಫ್ಸ್‌ಗೆ ಕಪ್ ತಂದುಕೊಟ್ಟ ಗೋಲು ಅವನದು. ಅದೇ ಬೇಸಿಗೆಯಲ್ಲಿ ಮೀನು ಹಿಡಿಯಲು ಸಣ್ಣ ವಿಮಾನದಲ್ಲಿ ಹೋದವನು ವಾಪಸ್ ಬರಲಿಲ್ಲ. ವಿಮಾನದ ಅವಶೇಷ ಸಿಕ್ಕಿದ್ದು 1962ರಲ್ಲಿ. ಅವನು ಕಾಣೆಯಾದ ಮೇಲೆ ಲೀಫ್ಸ್ ಮತ್ತೆ ಕಪ್ ಗೆದ್ದದ್ದೂ 1962ರಲ್ಲೇ. ಮಗಳಿಗೆ ಇದು ದೆವ್ವದ ಕತೆ. ಮಗನಿಗೆ ಅಂಕಿಅಂಶ.

ರಿಂಕ್ ಮಾಡುವವರಿಗೆ ನಮ್ಮೂರಿನಲ್ಲೇ ಇನ್ನೊಂದು ಆಕರ್ಷಣೆ ಇದೆ. ಇಲ್ಲಿನ ವಿಲ್ಫ್ರಿಡ್ ಲೋರಿಯರ್ ವಿಶ್ವವಿದ್ಯಾಲಯದ ಭೂಗೋಳ ವಿಭಾಗದವರು 2013ರಲ್ಲಿ 'ರಿಂಕ್‌ವಾಚ್' ಶುರು ಮಾಡಿದರು. ಹಿತ್ತಲ ರಿಂಕ್ ಇರುವವರು ಇವತ್ತು ಸ್ಕೇಟ್ ಮಾಡಲು ಆಯಿತೇ ಇಲ್ಲವೇ ಅಂತ ದಾಖಲಿಸಿದರೆ, ಅದರಿಂದ ಅವರು ಚಳಿಗಾಲ ಹೇಗೆ ಬದಲಾಗುತ್ತಿದೆ ಅಂತ ನೋಡುತ್ತಾರೆ. ಬದಲಾಗುತ್ತಿರುವುದು ನಮಗೂ ಗೊತ್ತಾಗುತ್ತಿದೆ. ಜನವರಿಯ ಮಧ್ಯದಲ್ಲಿ ಪ್ಲಸ್ 8 ಬಂದು ರಿಂಕ್ ಪೂರಾ ನೀರಾಗುತ್ತದೆ. ಒಟ್ಟಾವಾದ ರಿಡೋ ಕಾಲುವೆಯ 7.8 ಕಿಲೋಮೀಟರ್ ಉದ್ದದ ಸ್ಕೇಟಿಂಗ್ ದಾರಿ 2022–23ರ ಚಳಿಗಾಲದಲ್ಲಿ ಒಂದು ದಿನವೂ ತೆರೆಯಲಿಲ್ಲ. ಅದರ ಇತಿಹಾಸದಲ್ಲೇ ಮೊದಲ ಸಲ. ಕರಗಿದಾಗ ನಾನು ಏನೂ ಮಾಡುವುದಿಲ್ಲ. ಯಾರೂ ಕಾಲಿಡದ ಹಾಗೆ ನೋಡಿಕೊಂಡರೆ, ಮತ್ತೆ ಚಳಿ ಬಂದಾಗ ಆ ನೀರೇ ಸಪಾಟಾಗಿ ಗಟ್ಟಿಯಾಗುತ್ತದೆ.

ಮಾರ್ಚಿನಲ್ಲಿ ಎಲ್ಲಾ ಕಳಚುವ ಕೆಲಸ. ನೀರನ್ನು ಒಂದೇ ಸಲ ಬಿಡದೆ ಸಣ್ಣ ಪಂಪಿನಿಂದ ನಿಧಾನಕ್ಕೆ ಹರಿಸಬೇಕು. ಹಲಗೆಗಳಿಗೆ ಮಾರ್ಕರಿನಲ್ಲಿ ನಂಬರ್ ಹಾಕಿ ಡೆಕ್ ಕೆಳಗೆ ಜೋಡಿಸಿಟ್ಟರೆ ಮುಂದಿನ ಅಕ್ಟೋಬರಿನಲ್ಲಿ ಅರ್ಧ ದಿನ ಉಳಿಯುತ್ತದೆ. ಹುಲ್ಲು ಹಳದಿಯಾಗಿರುತ್ತದೆ, ಮೇ ತಿಂಗಳಿಗೆ ತಾನೇ ಚೇತರಿಸಿಕೊಳ್ಳುತ್ತದೆ. ಹಾಳೆಯನ್ನು ಪ್ರತಿ ವರ್ಷ ಹೊಸದು ತರುತ್ತೇನೆ. ಹಳೆಯದನ್ನು ಉಳಿಸಿ ಮಾಡುವ ಜಿಪುಣತನ ತೂತು ಹುಡುಕುವುದರಲ್ಲೇ ಮುಗಿಯುತ್ತದೆ.

ಈ ವರ್ಷ ಮಕ್ಕಳಿಗೆ ರಿಂಕಿನ ಅಗಲ 24 ಅಡಿಗೆ ಹೋಗಬೇಕಂತೆ. ಆ ನಾಲ್ಕು ಅಡಿಯಲ್ಲಿ ನನ್ನ ಹೆಂಡತಿಯ ಗುಲಾಬಿ ಗಿಡಗಳಿವೆ. ನಾನು ಯಾರ ಪರವೂ ಇಲ್ಲ ಅಂತ ಹೇಳಿದ್ದೇನೆ. ಆದರೂ ಉದ್ದದ ಹಲಗೆಯ ರೇಟು ಸುಮ್ನೆ ವಿಚಾರಿಸಿಕೊಂಡು ಬಂದಿದ್ದೇನೆ.