ಆರಿಹೋದ ಎಲ್ಇಡಿ ಬಲ್ಬ್: ಬಿಸಾಡುವ ಮುಂಚೆ ಒಮ್ಮೆ ಬಿಚ್ಚಿ ನೋಡಿ

ಎಲ್ಇಡಿ ಬಲ್ಬ್ ಹೋಯ್ತು ಅಂದರೆ ಇಡೀ ಬಲ್ಬ್ ಹೋಗಿರುವುದಿಲ್ಲ. ಹೆಚ್ಚಿನ ಸಲ ಒಳಗಿನ ಒಂದೇ ಒಂದು ಚಿಪ್ ಸುಟ್ಟಿರುತ್ತದೆ, ಮಿಕ್ಕಿದ್ದೆಲ್ಲ ಗಟ್ಟಿಮುಟ್ಟಾಗಿರುತ್ತದೆ. ನಮ್ಮ ವಠಾರದವರಿಗೆ ಇದು ಗೊತ್ತಾದಾಗಿನಿಂದ ಕೆಟ್ಟ ಬಲ್ಬೆಲ್ಲ ನನ್ನ ಬಾಗಿಲಿಗೇ ಬರುತ್ತಿವೆ. "ಆಂಟಿ, ಇದನ್ನೂ ಸ್ವಲ್ಪ ನೋಡಿ" ಅಂತ. ಒಬ್ಬೊಬ್ಬರಿಗೇ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಬಿಚ್ಚುವುದಕ್ಕೆ ಮೊದಲು ಬಲ್ಬಿನ ಮೈಮೇಲೆ ಅಚ್ಚಾಗಿರುವ ತಿಂಗಳು, ವರ್ಷ ನೋಡಿ. ವಾರಂಟಿ ಇದ್ದರೆ ಅಂಗಡಿಗೆ ಒಯ್ದು ಬದಲಾಯಿಸಿಕೊಳ್ಳಿ. ಬಿಚ್ಚಿದ ಬಲ್ಬನ್ನು ಯಾರೂ ವಾಪಸ್ ತಗೊಳ್ಳಲ್ಲ. ಬೇರೆ ಹೋಲ್ಡರಿಗೂ ಒಮ್ಮೆ ಹಾಕಿ ನೋಡಿ. ಸ್ವಿಚ್ ಆಫ್ ಮಾಡಿದ ಮೇಲೂ ಬಲ್ಬ್ ಮಿಣಮಿಣ ಅನ್ನುತ್ತಿದ್ದರೆ ಸಾಮಾನ್ಯವಾಗಿ ಅದು ಬಲ್ಬಿನ ತಪ್ಪಲ್ಲ. ಸ್ವಿಚ್ಚಿನಲ್ಲಿ ಇಂಡಿಕೇಟರ್ ದೀಪ ಇರಬಹುದು, ಇಲ್ಲವೇ ಫೇಸ್ ಬದಲು ನ್ಯೂಟ್ರಲ್ ತಂತಿಯನ್ನು ಸ್ವಿಚ್ಚಿಗೆ ಕೊಟ್ಟಿರಬಹುದು. ಎರಡನೆಯದಾದರೆ ಆಫ್ ಮಾಡಿದರೂ ಹೋಲ್ಡರಿನಲ್ಲಿ ಕರೆಂಟ್ ಇರುತ್ತದೆ. ತಡಮಾಡದೆ ಎಲೆಕ್ಟ್ರಿಷಿಯನ್ ಕರೆಸಿ.

ಈಗ ಬಿಚ್ಚೋಣ. ಬಲ್ಬನ್ನು ಹೋಲ್ಡರಿನಿಂದ ತೆಗೆದು ಅರ್ಧ ಗಂಟೆ ಬಿಡಿ. ಮೇಲಿನ ಬಿಳಿ ಟೋಪಿ ಪ್ಲಾಸ್ಟಿಕ್ಕಿನದು, ಗಮ್ ಹಾಕಿ ಕೂರಿಸಿರುತ್ತಾರೆ. ಟೋಪಿ ಮತ್ತು ಬುಡ ಸೇರುವ ಗೆರೆಯಲ್ಲಿ ತೆಳು ಚಾಕುವಿನ ತುದಿ ಇಟ್ಟು ನಿಧಾನಕ್ಕೆ ಸುತ್ತ ತಿರುಗಿಸಿ. ಬರದಿದ್ದರೆ ಹೇರ್ ಡ್ರೈಯರಿನಿಂದ ಬಿಸಿ ಮಾಡಿ. ಟೋಪಿ ಕಿತ್ತುಬಂದ ಮೇಲೆ ಕಾಣುವುದು ಒಂದು ದುಂಡನೆ ಅಲ್ಯೂಮಿನಿಯಂ ತಟ್ಟೆ, ಅದರ ಮೇಲೆ ಹಳದಿ ಬಣ್ಣದ ಪುಟ್ಟ ಚೌಕಗಳು. ಇವೇ ಚಿಪ್‌ಗಳು. ಅಂಗಡಿಯಲ್ಲಿ 2835 ಅಂತ ಕೇಳಿದರೆ ಕೊಡುತ್ತಾರೆ, 2.8 ಮಿ.ಮೀ. ಅಗಲ, 3.5 ಮಿ.ಮೀ. ಉದ್ದ ಇರುವುದರಿಂದ ಆ ಹೆಸರು. ಗಣೇಶನ ಹಬ್ಬದ ಸೀರಿಯಲ್ ಸೆಟ್ಟಿನ ಹಾಗೆ ಇವೂ ಒಂದರ ಹಿಂದೆ ಒಂದು ಸೀರೀಸ್‌ನಲ್ಲಿರುತ್ತವೆ. ಒಂದು ಸತ್ತರೆ ಎಲ್ಲ ಕತ್ತಲೆ.

ಇಲ್ಲೊಂದು ಎಚ್ಚರಿಕೆ. ಮನೆಯ ಕರೆಂಟನ್ನು ಚಿಪ್‌ಗಳಿಗೆ ತಕ್ಕ ಹಾಗೆ ಮಾಡಿಕೊಡುವ ಡ್ರೈವರ್ ಬೋರ್ಡಿನಲ್ಲಿ ಕರೆಂಟ್ ತುಂಬಿಟ್ಟುಕೊಳ್ಳುವ ಒಂದು ದೊಡ್ಡ ಕೆಪಾಸಿಟರ್ ಇರುತ್ತದೆ, ಅದು ಸುಮಾರು 325 ವೋಲ್ಟ್ ತನಕ ತುಂಬಿಕೊಂಡಿರುತ್ತದೆ. ನಮ್ಮ 230 ವೋಲ್ಟ್ ಡಿಸಿ ಆದಾಗ ಅಷ್ಟಾಗುತ್ತದೆ. ಪ್ಲಾಸ್ಟಿಕ್ ಹಿಡಿಯ ಇಕ್ಕಳದಲ್ಲಿ 10 ಕಿಲೊ ಓಮ್ ರೆಸಿಸ್ಟರ್ (ಕರೆಂಟಿಗೆ ತಡೆಯೊಡ್ಡುವ ಪುಟ್ಟ ಭಾಗ) ಹಿಡಿದು ಕೆಪಾಸಿಟರಿನ ಎರಡೂ ಕಾಲಿಗೆ ಮುಟ್ಟಿಸಿ, ಆಮೇಲೆ ವೋಲ್ಟ್ ಅಳೆಯುವ ಮಲ್ಟಿಮೀಟರಿನಲ್ಲಿ ಸೊನ್ನೆ ಬಂತಾ ಅಂತ ನೋಡಿ. ಮೊಬೈಲ್ ಚಾರ್ಜರಿನಲ್ಲಿರುವಂಥ, ಮನೆಯ ಲೈನಿನಿಂದ ಬೇರ್ಪಡಿಸುವ ರಕ್ಷಣೆ ಈ ಬಲ್ಬುಗಳಲ್ಲಿ ಸಾಮಾನ್ಯವಾಗಿ ಇರಲ್ಲ. ಉರಿಯುವಾಗ ಚಿಪ್‌ಗಳಲ್ಲಿ ಮೇನ್ಸ್ (ಮನೆಯ ಲೈನಿನ) ಕರೆಂಟೇ ಇರುತ್ತದೆ. ಟೋಪಿ ತೆಗೆದ ಬಲ್ಬನ್ನು ಹೋಲ್ಡರಿಗೆ ಹಾಕಿ ಬೆರಳಿಡುವುದು ಯಾವ ಕಾರಣಕ್ಕೂ ಬೇಡ.

ಸತ್ತ ಚಿಪ್ ಹುಡುಕುವುದು ಕಣ್ಣಿನ ಕೆಲಸ. ಕಿಟಕಿ ಬೆಳಕಿಗೆ ತಟ್ಟೆಯನ್ನು ಓರೆಯಾಗಿ ಹಿಡಿಯಿರಿ. ಹಳದಿಯ ನಡುವೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಕಂಡರೆ ಅದೇ ಸತ್ತ ಚಿಪ್. ಚುಕ್ಕೆ ಕಾಣದಿದ್ದರೆ ಟೆಸ್ಟರ್ ಬೇಕು. ಮಲ್ಟಿಮೀಟರಿನ ಡಯೋಡ್ ಸೆಟ್ಟಿಂಗ್ 3 ವೋಲ್ಟಿನ ಚಿಪ್‌ಗಷ್ಟೇ ಸಾಲುತ್ತದೆ. ಬಲ್ಬುಗಳಲ್ಲಿ 6, 9, ಕೆಲವೊಮ್ಮೆ 18 ವೋಲ್ಟಿನ ಚಿಪ್‌ಗಳೂ ಇರುತ್ತವೆ. ನಾನು ಮಾಡಿಕೊಂಡಿರುವುದು ಇಷ್ಟೇ: 9 ವೋಲ್ಟಿನ ಎರಡು ಚೌಕ ಬ್ಯಾಟರಿ. ಒಂದರ ಪ್ಲಸ್ ಗುಂಡಿಯನ್ನು ಇನ್ನೊಂದರ ಮೈನಸ್ಸಿಗೆ ಒತ್ತಿ ಕೂರಿಸಿದರೆ 18 ವೋಲ್ಟ್. ಉಳಿದ ಎರಡು ಗುಂಡಿ ಒಂದಕ್ಕೊಂದು ತಾಗಬಾರದು, ಅವುಗಳಿಂದ ಒಂದೊಂದು ವೈರ್ ಎಳೆದು, ಒಂದರ ಮಧ್ಯೆ 1 ಕಿಲೊ ಓಮ್ ರೆಸಿಸ್ಟರ್ ಸೇರಿಸಿ. ಎರಡು ತುದಿಯನ್ನು ಚಿಪ್ಪಿನ ಎರಡು ಬದಿಗೆ ಮುಟ್ಟಿಸಿ. ಹತ್ತದಿದ್ದರೆ ತುದಿ ಅದಲುಬದಲು ಮಾಡಿ. 9 ವೋಲ್ಟ್ ತನಕದ ಒಳ್ಳೆ ಚಿಪ್ ಹತ್ತಲೇಬೇಕು. 18 ವೋಲ್ಟಿನದಾದರೆ ಮೂರನೇ ಬ್ಯಾಟರಿ ಸೇರಿಸಿ.

ಎಲ್ಲ ಚಿಪ್‌ಗಳೂ ಹತ್ತಿದವಾ? ಹಾಗಾದರೆ ಡ್ರೈವರ್ ಹೋಗಿದೆ. ಕೆಪಾಸಿಟರಿನ ತಲೆ ಉಬ್ಬಿದ್ದರೆ ಅಷ್ಟೇ ಮೈಕ್ರೊಫ್ಯಾರಡಿನದು (µF), ಅಷ್ಟೇ ವೋಲ್ಟಿನದು ಹಾಕಿ ನೋಡಬಹುದು. ಡ್ರೈವರನ್ನು ನಡೆಸುವ ಪುಟ್ಟ ಕಪ್ಪು ಭಾಗ, ಅಂದರೆ ಐಸಿ ಸುಟ್ಟಿದ್ದರೆ ನಾನಂತೂ ತಲೆ ಕೆಡಿಸಿಕೊಳ್ಳಲ್ಲ. ಆ ಬಲ್ಬಿನ ಚಿಪ್‌ಗಳನ್ನು ಬೇರೆ ಬಲ್ಬಿಗೆ ಇಟ್ಟುಕೊಳ್ಳುತ್ತೇನೆ.

ಚಿಪ್ ಬದಲಾಯಿಸುವಾಗ ತೊಂದರೆ ಕೊಡುವುದು ತಟ್ಟೆಯೇ. ಅಲ್ಯೂಮಿನಿಯಂ ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. 25 ವ್ಯಾಟಿನ ಸೋಲ್ಡರಿಂಗ್ ಐರನ್ ಇಟ್ಟುಕೊಂಡು ಎಷ್ಟು ಹೊತ್ತು ಕೂತರೂ ಬೆಸುಗೆಯ ಸೀಸ (ಸೋಲ್ಡರ್) ಕರಗಲ್ಲ. ಅದಕ್ಕೆ ತಟ್ಟೆಯನ್ನು ಕೆಳಗಿನಿಂದ ಕಾಯಿಸಬೇಕು. ಡ್ರೈವರಿನ ವೈರ್ ಬಿಡಿಸಿ, ಹಳೇ ಇಸ್ತ್ರಿಪೆಟ್ಟಿಗೆಯನ್ನು ಮಗುಚಿ ಅಲುಗಾಡದ ಹಾಗೆ ಆನಿಸಿ, ಕಾಟನ್ ಸೆಟ್ಟಿಂಗಿನಲ್ಲಿ ತಟ್ಟೆಯನ್ನು ಅದರ ಮೇಲಿಡಿ. 60/40 ಸೀಸ (60 ಪಾಲು ತವರ, 40 ಪಾಲು ಸೀಸ) 190 ಡಿಗ್ರಿ ಹೊತ್ತಿಗೆ ಕರಗುತ್ತದೆ. ಸೀಸ ಹೊಳೆಯಲು ಶುರುವಾದ ಕೂಡಲೇ ಚಿಮಟದಲ್ಲಿ ಹಳೇ ಚಿಪ್ ಎತ್ತಿ, ಚೂರು ಸೋಲ್ಡರಿಂಗ್ ಪೇಸ್ಟ್ ಹಚ್ಚಿ ಹೊಸದನ್ನು ಕೂರಿಸಿ. ಹೊಸ ಚಿಪ್ಪೂ ಅದೇ ವೋಲ್ಟಿನದಾಗಿರಬೇಕು. ಪ್ಲಸ್ ಮೈನಸ್ ತಪ್ಪದಂತೆ ಹಳೇ ಚಿಪ್ಪಿನ ಕತ್ತರಿಸಿದ ಮೂಲೆ ಯಾವ ದಿಕ್ಕಿಗಿತ್ತು ಅಂತ ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ. ತಟ್ಟೆಯ ಮೇಲೇ ಕೆಪಾಸಿಟರ್, ಐಸಿ ಎಲ್ಲ ಇರುವ ಬಲ್ಬಿಗೆ ಮಾತ್ರ ಈ ಉಪಾಯ ಬೇಡ. ಕಿಟಕಿ ತೆಗೆದಿರಲಿ, ಸೀಸ ಮುಟ್ಟಿದ ಕೈ ತೊಳೆಯಿರಿ, ಆ ಇಸ್ತ್ರಿಪೆಟ್ಟಿಗೆಯಲ್ಲಿ ಮತ್ತೆ ಬಟ್ಟೆ ತೀಡಬೇಡಿ.

ಬಹಳ ಜನ ಸತ್ತ ಚಿಪ್ ಕೆರೆದು, ಅದರ ಜಾಗಕ್ಕೆ ಸೀಸದ ಸೇತುವೆ ಹಾಕಿಬಿಡುತ್ತಾರೆ. ಹತ್ತು ಚಿಪ್ಪಿನಲ್ಲಿ ಒಂದಾದರೆ ಪರವಾಗಿಲ್ಲ, ಬೆಳಕು ಸ್ವಲ್ಪ ಕಮ್ಮಿಯಾಗುತ್ತದೆ ಅಷ್ಟೇ. ಐದಾರು ಚಿಪ್ ಇರುವ ಬಲ್ಬಿನಲ್ಲಿ ಅಥವಾ ಡ್ರೈವರ್ ತಟ್ಟೆಯ ಮೇಲೇ ಇರುವ ಬಲ್ಬಿನಲ್ಲಿ ಮಾಡಿದರೆ ಐಸಿಗೆ ಹೊರೆ ಜಾಸ್ತಿಯಾಗಿ ಅದೂ ಸಾಯುತ್ತದೆ.

ಟೋಪಿ ಮುಚ್ಚಿದ ಮೇಲೆಯೇ ಕರೆಂಟ್ ಕೊಡಿ, ಅದೂ ಸೀರೀಸ್ ಬೋರ್ಡಿನಲ್ಲಿ. ಅಂದರೆ ಹಳೇ 60 ವ್ಯಾಟಿನ ತಂತಿ ಬಲ್ಬನ್ನು ದಾರಿಯಲ್ಲಿ ಸೇರಿಸಿ. ನಿಮ್ಮ ಬಲ್ಬ್ ಹತ್ತಿ, ತಂತಿ ಬಲ್ಬ್ ಕತ್ತಲಾಗಿದ್ದರೆ ಕೆಲಸ ಸರಿ. ತಂತಿ ಬಲ್ಬೇ ಜಗ್ಗನೆ ಉರಿದರೆ ಎಲ್ಲೋ ಶಾರ್ಟ್ ಇದೆ.

ಇನ್ನು ಅದೇ ಬಲ್ಬ್ ಮತ್ತೆ ಹೋಗಬಾರದು ಅನ್ನುವವರಿಗೆ ಒಂದು ಮಾತು. ಚಿಪ್‌ಗಳನ್ನು ಕೊಲ್ಲುವುದು ಬಿಸಿ. ಹಲವು ಡ್ರೈವರುಗಳಲ್ಲಿ ಐಸಿ ಪಕ್ಕ ಕೆಲವೇ ಓಮ್‌ಗಳ ಎರಡು ಪುಟ್ಟ ರೆಸಿಸ್ಟರ್ ಜೋಡಿಯಾಗಿ, ಪ್ಯಾರಲಲ್ ಆಗಿ ಇರುತ್ತವೆ. ಚಿಪ್‌ಗಳಿಗೆ ಎಷ್ಟು ಕರೆಂಟ್ ಅಂತ ತೀರ್ಮಾನಿಸುವುದು ಅವೇ. ಜಾಸ್ತಿ ಓಮ್ ಇರುವುದನ್ನು ಕಿತ್ತರೆ ಕರೆಂಟ್ ಇಳಿಯುತ್ತದೆ, ಬಲ್ಬ್ ತಣ್ಣಗಿರುತ್ತದೆ. ಬೆಳಕೂ ಇಳಿಯುತ್ತದೆ ಅನ್ನಿ. ಓದುವ ಕೋಣೆಗೆ ಬೇಡ. ಬಚ್ಚಲಿಗೆ, ಮೆಟ್ಟಿಲಿಗೆ, ರಾತ್ರಿಯಿಡೀ ಉರಿಯುವ ಗೇಟಿನ ದೀಪಕ್ಕೆ ನಾನು ಹೀಗೆ ಮಾಡಿದವನ್ನೇ ಹಾಕುವುದು.